ವಾದಿ ಕಬೀರ್‌ನಲ್ಲಿ ಎರಡು ತಲೆಮಾರಿನ ಎಂಜಿನ್

ಒಮಾನಿನ ಮಸ್ಕತ್‌ನಲ್ಲಿ ರೂವಿಗೆ ಅಂಟಿಕೊಂಡೇ ಇರುವ ವಾದಿ ಕಬೀರ್, ಗ್ಯಾರೇಜುಗಳಿಗೆ, ಬಿಡಿಭಾಗದ ಅಂಗಡಿಗಳಿಗೆ, ಶುಕ್ರವಾರದ ಹಳೇ ಕಾರುಗಳ ಸಂತೆಗೆ ಹೆಸರಾದ ಜಾಗ. ಮಸ್ಕತ್‌ನಲ್ಲಿ ದುಡಿಯುವ ಮಂಗಳೂರು, ಉಡುಪಿ, ಭಟ್ಕಳದ ಕಡೆಯವರು ಕಾರು ಹುಡುಕಿಕೊಂಡು ಬಂದರೆ ಒಂದು ತೀರ್ಪು ಕಿವಿಗೆ ಬಿದ್ದೇ ಬೀಳುತ್ತದೆ: ಹಳೆಯದು ಕಬ್ಬಿಣ, ಹೊಸದು ತಗಡು. ಇದು ಅರ್ಧ ಮಾತ್ರ ನಿಜ. ನಮ್ಮ ಅಸಡ್ಡೆಯನ್ನು ಯಾವ ಎಂಜಿನ್ ಎಷ್ಟು ಸಹಿಸುತ್ತದೆ ಎಂದು ಕೇಳಿಕೊಂಡರೆ ಎರಡು ತಲೆಮಾರಿನ ವ್ಯತ್ಯಾಸ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಮರುಭೂಮಿಯ ಮನೆಮಾತಾದ ಟೊಯೊಟಾ ಲ್ಯಾಂಡ್ ಕ್ರೂಸರನ್ನೇ ತೆಗೆದುಕೊಳ್ಳಿ. 1980ರಲ್ಲಿ ಬಂದ 60 ಸರಣಿಯ ಗಾಡಿಯಲ್ಲಿದ್ದದ್ದು 2ಎಫ್ ಎಂಬ ಪೆಟ್ರೋಲ್ ಎಂಜಿನ್. ಸಾಲಾಗಿ ನಿಂತ ಆರು ಸಿಲಿಂಡರ್, 4230 ಸಿಸಿ. ಬ್ಲಾಕೂ ಬೀಡುಕಬ್ಬಿಣ, ಹೆಡ್ಡೂ ಬೀಡುಕಬ್ಬಿಣ. ಕಂಪ್ರೆಷನ್ ಬರೀ 7.8, ಶಕ್ತಿ ಸುಮಾರು 135 ಅಶ್ವಶಕ್ತಿ. ಕ್ಯಾಮ್ ಶಾಫ್ಟ್ ಕೆಳಗೆ ಬ್ಲಾಕಿನೊಳಗೆ ಕೂತು ಉದ್ದನೆಯ ಪುಶ್‌ರಾಡ್‌ಗಳ ಮೂಲಕ ಮೇಲಿನ ವಾಲ್ವ್‌ಗಳನ್ನು ತೆರೆಯುತ್ತದೆ. ಅದನ್ನು ತಿರುಗಿಸುವುದು ಗೇರ್. ತುಂಡಾಗಲು ಬೆಲ್ಟೇ ಇಲ್ಲ.

ಇದರ ಟ್ಯಾಪೆಟ್ ಕೂರಿಸುವುದನ್ನು ನೋಡಬೇಕು. ಎಂಜಿನ್ ಬಿಸಿಯಾಗಿರುವಾಗಲೇ ಮೇಲಿನ ಮುಚ್ಚಳ ಬಿಚ್ಚಿ, ಲಾಕ್‌ನಟ್ ಸಡಿಲಿಸಿ, ವಾಲ್ವ್ ತುದಿಯ ಸಂದಿಗೆ ಫೀಲರ್ ಗೇಜಿನ ತೆಳ್ಳನೆಯ ಪಟ್ಟಿ ತೂರಿಸುತ್ತಾರೆ. ಗಾಳಿ ಒಳಬರುವ ವಾಲ್ವಿಗೆ 0.20 ಮಿಲಿಮೀಟರ್, ಹೊಗೆ ಹೊರಹೋಗುವ ವಾಲ್ವಿಗೆ 0.35. ಹೊಗೆಯ ವಾಲ್ವ್ ಹೆಚ್ಚು ಕಾದು ಹೆಚ್ಚು ಹಿಗ್ಗುವುದರಿಂದ ಅದಕ್ಕೆ ಸಂದಿಯೂ ಹೆಚ್ಚು ಬೇಕು. ಪಟ್ಟಿ ತುಸು ಹಿಡಿದು ಜಾರಿದರೆ ಸರಿ ಎಂದು ಬೆರಳಿಗೇ ಗೊತ್ತಾಗುತ್ತದೆ. ಹೀಗೆ ಹನ್ನೆರಡು ವಾಲ್ವ್. ಸಂದಿ ಹೆಚ್ಚಾದರೆ ಟಕಟಕ ಸದ್ದು, ಅಷ್ಟೇ. ಕಡಿಮೆಯಾದರೆ ವಾಲ್ವ್ ಪೂರ್ತಿ ಕೂರದೆ ಸುಟ್ಟುಹೋಗುತ್ತದೆ. ಆದ್ದರಿಂದಲೇ ಹಳೇ ಮೇಸ್ತ್ರಿಗಳು ಸದ್ದು ಮಾಡುವ ಟ್ಯಾಪೆಟ್ಟಿಗೆ ಹೆದರುವುದಿಲ್ಲ, ತೀರಾ ಸದ್ದಿಲ್ಲದ್ದಕ್ಕೆ ಹೆದರುತ್ತಾರೆ. ಬೆರಳು ಮತ್ತು ಕಿವಿ ನಂಬಿ ನಡೆಯುತ್ತಿದ್ದ ಈ ಕಸುಬಿನ ಬಗ್ಗೆ ನನಗೆ ಅಪಾರ ಗೌರವವಿದೆ.

ಹಾಗೆಂದು ಹಳೆಯದಕ್ಕೆ ಕೊರತೆ ಇರಲಿಲ್ಲವೆಂದಲ್ಲ. ರೂವಿಯಿಂದ ಹೊರಟು ಜಬಲ್ ಅಖ್ದರ್ ಹತ್ತಿದರೆ ಸುಮಾರು 2000 ಮೀಟರ್ ಎತ್ತರದ ಸಾಯಿಕ್ ಪ್ರಸ್ಥಭೂಮಿ ಸಿಗುತ್ತದೆ. ಅಲ್ಲಿ ಗಾಳಿಯ ಒತ್ತಡ ಕಡಲ ಮಟ್ಟಕ್ಕಿಂತ ಐದರಲ್ಲಿ ಒಂದು ಪಾಲು ಕಡಿಮೆ. ಕಾರ್ಬುರೇಟರಿನ ಜೆಟ್ಟಿಗೆ ಅದು ತಿಳಿಯದು. ಅದರ ತೂತಿನ ಅಳತೆ ಊರಲ್ಲೂ ಒಂದೇ, ಬೆಟ್ಟದಲ್ಲೂ ಒಂದೇ. ಗಾಳಿಗೆ ಮೀರಿ ಪೆಟ್ರೋಲ್ ಸೇರಿ ಕಪ್ಪು ಹೊಗೆ ಬರುತ್ತದೆ, ಏರಿನಲ್ಲಿ ಗಾಡಿ ಎಳೆಯುವುದಿಲ್ಲ. ಒಳಬರುವ ಗಾಳಿಯನ್ನು ಅಳೆದು ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆ ಬಂದ ಮೇಲೆ ಈ ತಾಪತ್ರಯ ನೀಗಿತು.

ಈಗ 2021ರ 300 ಸರಣಿಯ ಬಾನೆಟ್ ಎತ್ತೋಣ. ಅಲ್ಯೂಮಿನಿಯಂ ಬ್ಲಾಕಿನ ವಿ6, 3445 ಸಿಸಿ, ಎರಡು ಟರ್ಬೊ, 409 ಅಶ್ವಶಕ್ತಿ. 2ಎಫ್ ಲೀಟರಿಗೆ 32 ಅಶ್ವಶಕ್ತಿ ಕೊಡುತ್ತಿದ್ದರೆ ಇದು 119 ಕೊಡುತ್ತದೆ. ಇಪ್ಪತ್ತನಾಲ್ಕು ವಾಲ್ವ್‌ಗಳು ತೆರೆಯುವ ಹೊತ್ತನ್ನು ಕಂಪ್ಯೂಟರ್ ಓಟದಲ್ಲೇ ಹಿಂದೆಮುಂದೆ ಮಾಡುತ್ತದೆ. ಪೆಟ್ರೋಲ್ ನೇರವಾಗಿ ಸಿಲಿಂಡರಿನೊಳಗೂ ಸಿಡಿಯುತ್ತದೆ. ಆವಿಯಾಗುವಾಗ ಅದು ಒಳಗಿನ ಶಾಖ ಹೀರಿಕೊಳ್ಳುವುದರಿಂದ, ಟರ್ಬೊ ಗಾಳಿಯನ್ನು ಒತ್ತಿ ತುಂಬಿದರೂ ಎಂಜಿನ್ ನಾಕಿಂಗ್ ಹೊಡೆಯುವುದಿಲ್ಲ. ಹೊಡೆಯುವ ಸೂಚನೆ ಕಂಡರೆ ಸೆನ್ಸರ್ ಕಿಡಿಯ ಹೊತ್ತನ್ನು ತಾನೇ ತಡಮಾಡಿಸುತ್ತದೆ. 2024ರಲ್ಲಿ ಬಂದ ನಿಸ್ಸಾನ್ ಪ್ಯಾಟ್ರೋಲ್ ಗಾಡಿಯೂ ವಿ8 ಬಿಟ್ಟು ಎರಡು ಟರ್ಬೊ ವಿ6ರ ದಾರಿ ಹಿಡಿದಿದೆ. ಇದನ್ನೆಲ್ಲ ತಗಡು ಎನ್ನುವುದು ಅನ್ಯಾಯ.

ಆದರೆ ಇಷ್ಟೆಲ್ಲ ಕೆಲಸ ಇಷ್ಟು ಸಣ್ಣ ಜಾಗದಲ್ಲಿ ನಡೆಯಬೇಕಾದರೆ ಅಸಡ್ಡೆಗೆ ಎಡೆಯಿಲ್ಲ. ಟರ್ಬೊದ ಚಕ್ರ ನಿಮಿಷಕ್ಕೆ ಲಕ್ಷ ಸುತ್ತು ದಾಟುವುದುಂಟು. ಅದರ ಶಾಫ್ಟಿಗೆ ಆಸರೆ ಎಣ್ಣೆಯ ಪದರ. ಹಿಂದೆ 20ಡಬ್ಲ್ಯೂ-50ರಂಥ ದಪ್ಪ ಎಣ್ಣೆ ಸುರಿಯುತ್ತಿದ್ದ ಕಡೆ ಈಗ ನೀರಿನಂಥ 0ಡಬ್ಲ್ಯೂ-20. ಬೇರಿಂಗಿನ ಸಂದಿಗಳೂ ಅಷ್ಟೇ ಬಿಗಿ. 2024ರಲ್ಲಿ ಅಮೆರಿಕದಲ್ಲಿ ಟೊಯೊಟಾ ಸುಮಾರು 1 ಲಕ್ಷ ಟಂಡ್ರಾ ಮತ್ತು ಲೆಕ್ಸಸ್ ಎಲ್‌ಎಕ್ಸ್ ಗಾಡಿಗಳನ್ನು ವಾಪಸ್ ಕರೆಸಿತು. ಅವುಗಳಲ್ಲಿದ್ದದ್ದೂ ಇದೇ ವಿ6 ಕುಟುಂಬದ ಎಂಜಿನ್. ಕಾರ್ಖಾನೆಯಲ್ಲಿ ಕೊರೆಯುವಾಗ ಉಳಿದ ಲೋಹದ ಚೂರು ಮೇನ್ ಬೇರಿಂಗ್ ಕೆಡಿಸಬಹುದು ಎಂಬುದು ಕಾರಣ.

ಶಾಖದ ಮಾತು ಬೇರೆಯೇ. 2018ರ ಜೂನಿನಲ್ಲಿ ಮಸ್ಕತ್ ಸೀಮೆಯ ಕುರಿಯಾತ್‌ನಲ್ಲಿ ಒಂದಿಡೀ ದಿನ ತಾಪಮಾನ 42.6 ಡಿಗ್ರಿಗಿಂತ ಕೆಳಗಿಳಿಯಲೇ ಇಲ್ಲ. ಇಂಥ ಕಡೆ ಕೂಲೆಂಟ್ ಸೋರಿ ಎಂಜಿನ್ ಹೀಟ್ ಆದರೆ ದಪ್ಪ ಕಬ್ಬಿಣದ ಹೆಡ್ ಸ್ವಲ್ಪ ತಾಳಿಕೊಂಡೀತು. ಅಲ್ಯೂಮಿನಿಯಂ ಹೆಡ್ ಬೇಗ ಬಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ.

ಡೀಸೆಲ್‌ನಲ್ಲೂ ಇದೇ ಕಥೆ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೋ ಹೆಸರು ಹೇಳಿದರೆ ನಮ್ಮ ಲಾರಿ ಡ್ರೈವರುಗಳಿಗೆ ಇಂದಿಗೂ ಪಂಪು, ನಾಝಲ್ ನೆನಪಾಗುತ್ತವೆ. ಹಳೇ ಕಾಲದ ಡೀಸೆಲ್ ಕಾರುಗಳ ನಾಝಲ್ 150 ಬಾರ್ ಆಸುಪಾಸಿನ ಒತ್ತಡಕ್ಕೆ ತೆರೆಯುತ್ತಿತ್ತು. ಇಂದಿನ ಕಾಮನ್ ರೈಲ್‌ನಲ್ಲಿ 2000 ಬಾರ್‌ವರೆಗೂ ಹೋಗುತ್ತದೆ, ತೂತು ಒಂದು ಮಿಲಿಮೀಟರಿನ ಹತ್ತನೇ ಒಂದರಷ್ಟು. ನೀರು ಬೆರೆತ ಡೀಸೆಲ್ ಇದರೊಳಗೆ ಹೋಗಲೇಬಾರದು.

ರಿಪೇರಿಯೂ ಬದಲಾಗಿದೆ. ಸ್ಕ್ಯಾನರ್ ಚುಚ್ಚಿದರೆ ಗಾಳಿ ಜಾಸ್ತಿ ಎಂಬ ಕೋಡ್ ಬರುತ್ತದೆ. ಬಿಸಿಲಿಗೆ ಬಿರಿದ ರಬ್ಬರ್ ಹೋಸೊಂದು ಗಾಳಿ ಎಳೆಯುತ್ತಿದೆ ಎಂಬುದನ್ನು ಮೆಕ್ಯಾನಿಕ್ಕೇ ಹುಡುಕಬೇಕು. ಅದು ತಿಳಿಯದವರು ಒಂದೊಂದೇ ಸೆನ್ಸರ್ ಬದಲಿಸುತ್ತ ಗಿರಾಕಿಯ ಜೇಬು ಖಾಲಿ ಮಾಡುತ್ತಾರೆ. ಹಳೇ ಗಾಡಿ ಕೊಳ್ಳುವವರು ರೇಡಿಯೇಟರ್ ನೋಡಲಿ, ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಹೊಗೆ ನೋಡಲಿ. ಹೊಸ ತಲೆಮಾರಿನದಾದರೆ ಎಣ್ಣೆ ಬದಲಿಸಿದ ದಾಖಲೆಯನ್ನು ಕೇಳಿ ಪಡೆಯಲಿ. ಸಿಲಿಂಡರ್ ಸವೆದ 2ಎಫ್ ಬ್ಲಾಕಿಗೆ ಅರ್ಧ ಮಿಲಿಮೀಟರ್ ಬೋರಿಂಗ್ ಹೊಡೆಸಿ, ಓವರ್‌ಸೈಜ್ ಪಿಸ್ಟನ್ ಹಾಕಿ ಮತ್ತೆ ಓಡಿಸಬಹುದು. ತೆಳು ಲೈನರಿನ ಹಲವು ಹೊಸ ಬ್ಲಾಕುಗಳಲ್ಲಿ ಕೊರೆಯಲು ಅಷ್ಟು ಲೋಹವೇ ಇರುವುದಿಲ್ಲ. ಅರ್ಧ ಎಂಜಿನ್ನನ್ನೇ ಬದಲಿಸಬೇಕಾಗುತ್ತದೆ.