ಬೆಳೆ ರಕ್ಷಣೆಗೆ ಮೊದಲ ಕೋವಿ

ಪುತ್ತೂರು, ಸುಳ್ಯ, ಕಡಬದ ತೋಟಗಳಲ್ಲಿ ಕಾಡುಹಂದಿ, ಮಂಗಗಳ ಕಾಟ ಹೊಸತಲ್ಲ. ಬೆಳೆ ರಕ್ಷಣೆಯ ಪರವಾನಗಿ ಪಡೆದು ಮೊದಲ ಸಲ ಕೋವಿ ಕೊಳ್ಳುವ ಕೃಷಿಕರು ದೂರಕ್ಕೆ ಹೊಡೆಯುವ ರೈಫಲನ್ನು ಬಯಸುವುದುಂಟು. ನಮ್ಮ ಕಡೆಗೆ ಅದು ಸಲ್ಲದು. ಗುರಿ ತಪ್ಪಿದ ರೈಫಲಿನ ಗುಂಡು ಎರಡು ಕಿಲೋಮೀಟರಿಗೂ ಮೀರಿ ಹೋಗಬಲ್ಲದು. ನಮ್ಮಲ್ಲಿ ಊರು ಒಂದೆಡೆ, ಹೊಲ ಒಂದೆಡೆ ಇಲ್ಲ, ತೋಟಕ್ಕೊಂದು ಮನೆ. ಹಂದಿಯ ಆಚೆ ಅಡಿಕೆ ಹೆಕ್ಕುವವರಿರಬಹುದು.

ಒಳಮೈ ನುಣುಪಾದ 12 ಬೋರಿನ ತೋಟೆ ಕೋವಿಯೇ ಸಾಕು. ಇದರ ಸಣ್ಣ ಚರೆಯ ಓಟ ಕೆಲವು ನೂರು ಮೀಟರಿನೊಳಗೆ ಮುಗಿಯುತ್ತದೆ. ದೊಡ್ಡ ಚರೆ ಇನ್ನೂ ಮುಂದೆ ಹೋಗುತ್ತದೆ, ಎಚ್ಚರ. ಕೇಪಿನ ಕೋವಿಯಲ್ಲಿ ಆಟಿಯ ಮಳೆಗೆ ಮದ್ದು ತೇವವಾಗಿ ಈಡು ಹಾರದು. ಒಳಗೆ ಮದ್ದಿರುವುದನ್ನು ಮರೆತು ಮತ್ತೆ ತುಂಬಿದರೆ ನಳಿಗೆಯೇ ಒಡೆದೀತು. ತೋಟೆ ಕೋವಿಯನ್ನು ಮಡಚಿದರೆ ತುಂಬಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಜೋಡುನಳಿಗೆಯೇ ಬೇಕೆಂದಿಲ್ಲ, ಒಂಟಿ ನಳಿಗೆ ಹಗುರ.

ಅಂಗಡಿಯಲ್ಲಿ ಖಾಲಿ ಕೋವಿಯನ್ನು ಕಣ್ಣು ಮುಚ್ಚಿ ಭುಜಕ್ಕೆ ಆನಿಸಿ, ಬಳಿಕ ಕಣ್ಣು ತೆರೆಯಿರಿ. ನೋಟ ನೇರವಾಗಿ ನಳಿಗೆಯುದ್ದಕ್ಕೂ ಹರಿಯದಿದ್ದರೆ ಆ ಕೋವಿ ನಿಮ್ಮ ಮೈಗೆ ಒಗ್ಗದು.

ಪರವಾನಗಿಯೆಂದರೆ ಬೇಟೆಗೆ ಅಪ್ಪಣೆಯಲ್ಲ. 1972ರ ವನ್ಯಜೀವಿ ಕಾಯಿದೆಯಂತೆ ಅರಣ್ಯ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಹಂದಿಯನ್ನು ಕೊಲ್ಲತಕ್ಕದ್ದಲ್ಲ. ಬೆದರಿಸಲು ಈಡು ಹಾರಿಸುವಾಗಲೂ ನಳಿಗೆ ಮನೆ, ದಾರಿಯ ಕಡೆ ತಿರುಗಬಾರದು. ಆನೆ ಬಂದರೆ ಕೋವಿ ಎತ್ತದೆ ಇಲಾಖೆಗೆ ತಿಳಿಸಿರಿ.

ಚುನಾವಣೆಗೆ ಠಾಣೆಯಲ್ಲಿಡಬೇಕಾದರೆ ಎಣ್ಣೆ ಸವರಿ ಒಪ್ಪಿಸಿ, ರಸೀದಿ ಪಡೆಯಿರಿ. ಹಿಂದೆ ತಂದ ಮೇಲೆ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ತುಕ್ಕಿದ್ದರೆ ತೆಗೆಸಿದ ಬಳಿಕವೇ ತೋಟೆ ಹಾಕತಕ್ಕದ್ದು.