ಕಸುವು ಸಾಕು, ಹಿಡಿತ ಬೇಕು

1969ರ ಸೆಪ್ಟೆಂಬರ್ 13. ಅಮೆರಿಕದ ಅಲಬಾಮಾ ರಾಜ್ಯದ ಟ್ಯಾಲಡೇಗಾದಲ್ಲಿ ಹೊಸದಾಗಿ ಕಟ್ಟಿದ ಕಾರ್ ರೇಸ್ ಪಥ. ಮೊದಲ ದೊಡ್ಡ ಸ್ಪರ್ಧೆಗೆ ಒಂದೇ ದಿನ ಬಾಕಿ. ಅಂಥ ಹೊತ್ತಿನಲ್ಲಿ ದೇಶದ ಹೆಸರಾಂತ ಚಾಲಕರು ತಮ್ಮ ಕಾರುಗಳನ್ನು ಟ್ರಕ್ಕಿಗೇರಿಸಿಕೊಂಡು ಊರಿಗೆ ಹೊರಟುಬಿಟ್ಟರು. ಚಾಲಕರ ಸಂಘದ ಮುಂದಾಳು ರಿಚರ್ಡ್ ಪೆಟ್ಟಿ. ಅವರ ದೂರು ಹಣದ್ದಾಗಿರಲಿಲ್ಲ, ಟೈರಿನದಾಗಿತ್ತು. ಅಭ್ಯಾಸದ ಓಟದಲ್ಲಿ ವೇಗ ಗಂಟೆಗೆ 320 ಕಿ.ಮೀ. ಹತ್ತಿರ ಬಂದಿತ್ತು. ಆ ವೇಗದಲ್ಲಿ ಟೈರುಗಳು ಕೆಲವೇ ಸುತ್ತುಗಳಲ್ಲಿ ಚಿಂದಿಯಾಗುತ್ತಿದ್ದವು. ಪಥದ ಒಡೆಯ ಬಿಲ್ ಫ್ರಾನ್ಸ್ ಜಗ್ಗಲಿಲ್ಲ. ಹಿಂದಿನ ದಿನ ಚಿಕ್ಕ ಕಾರುಗಳ ರೇಸ್‌ನಲ್ಲಿ ಓಡಿದ್ದವರನ್ನೂ ಸೇರಿಸಿಕೊಂಡು ಸ್ಪರ್ಧೆ ನಡೆಸಿಯೇಬಿಟ್ಟರು. ಗೆದ್ದವರು ರಿಚರ್ಡ್ ಬ್ರಿಕ್‌ಹೌಸ್ ಎಂಬ ಅಷ್ಟೇನೂ ಪರಿಚಿತರಲ್ಲದ ಯುವಕ. ಅವರು ಓಡಿಸಿದ್ದು ಚೂಪು ಮೂತಿಯ, ಬೆನ್ನ ಮೇಲೆ ಆಳೆತ್ತರದ ರೆಕ್ಕೆ ಹೊತ್ತಂತೆ ಕಾಣುವ ವಿಚಿತ್ರ ಕಾರು: ಡಾಜ್ ಚಾರ್ಜರ್ ಡೇಟೋನಾ.

ಗಾಳಿಯನ್ನು ಸೀಳುವ ಉಪಾಯ ಸಿಕ್ಕಿತ್ತು, ನೆಲವನ್ನು ಹಿಡಿಯುವ ಉಪಾಯ ಅದರ ಜೊತೆಗೆ ಬಂದಿರಲಿಲ್ಲ. ಅರ್ಧ ಶತಮಾನ ಕಳೆದ ಮೇಲೂ ಹಳೆಯ ‘ಮಸಲ್ ಕಾರು’ಗಳನ್ನು ಶೆಡ್ಡಿನಲ್ಲಿ ಬಿಚ್ಚಿ ಜೋಡಿಸಿ ಸುಧಾರಿಸುವ ಹವ್ಯಾಸಿಗಳು ಎದುರಿಸುವುದು ಇದೇ ತೊಡಕನ್ನು.

ಮಸಲ್ ಕಾರು ಎಂದರೇನು? ಮಧ್ಯಮ ಗಾತ್ರದ, ಮಧ್ಯಮ ಬೆಲೆಯ ಕಾರಿಗೆ ದೊಡ್ಡ ಕಾರಿನ ಎಂಜಿನ್ ತುರುಕಿದರೆ ಅದೇ ಮಸಲ್ ಕಾರು. ಈ ಪರಂಪರೆ 1964ರ ಪಾಂಟಿಯಾಕ್ ಜಿಟಿಒ ಮಾದರಿಯಿಂದ ಶುರುವಾಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅದರ ಎಂಟು ಸಿಲಿಂಡರ್ ಎಂಜಿನ್ 6.4 ಲೀಟರ್‌ನದು, ಕಂಪನಿ ಹೇಳಿದ ಶಕ್ತಿ 325 ಅಶ್ವಶಕ್ತಿ. ನಮ್ಮ ಅಂಬಾಸಿಡರ್ ಕಾರು ಬಹುಕಾಲ ಒಂದೂವರೆ ಲೀಟರ್ ಎಂಜಿನ್ನಿನಲ್ಲೇ ಸಂಸಾರ ಸಾಗಿಸಿತ್ತು ಎಂಬುದನ್ನು ನೆನೆದರೆ ಅಂತರ ತಿಳಿದೀತು. ಆದರೆ ಇಷ್ಟು ಕಸುವಿನ ಜಿಟಿಒಗೆ ನಾಲ್ಕೂ ಚಕ್ರಕ್ಕೆ ಇದ್ದದ್ದು ಡ್ರಮ್ ಬ್ರೇಕು. ಹಿಂದೆ ಒಂದೇ ತುಂಡಿನ ಗಟ್ಟಿ ಅಚ್ಚು. ಟೈರು ಇಂದಿನ ಲೆಕ್ಕದಲ್ಲಿ ಸಪೂರ. ಸಿಗ್ನಲ್ ದೀಪ ಹಸಿರಾದೊಡನೆ ನೇರ ರಸ್ತೆಯಲ್ಲಿ ಕಾಲು ಮೈಲಿ ನುಗ್ಗಲು ಹೇಳಿ ಮಾಡಿಸಿದ ಗಾಡಿ ಅದು. ತಿರುವು ಬಂದರೆ? ತಿರುವಿನ ಯೋಚನೆಯನ್ನು ಚಾಲಕನಿಗೇ ಬಿಟ್ಟಿದ್ದರು.

ಈ ಕೊರತೆಯನ್ನು ಮೊದಲು ಶಾಸ್ತ್ರೀಯವಾಗಿ ತಿದ್ದಿದ್ದು ಫೋರ್ಡ್ ಮಸ್ಟಾಂಗ್ ಕಾರಿನಲ್ಲಿ. 1964ರ ಏಪ್ರಿಲ್‌ನಲ್ಲಿ ಬಂದ ಮಸ್ಟಾಂಗ್ ನೋಟಕ್ಕೆ ಕುದುರೆ. ಒಳಗಿನ ಎಲುಬುಗೂಡು ಮಾತ್ರ ಫೋರ್ಡಿನ ಸಾಧಾರಣ ಸಂಸಾರಿ ಕಾರು ಫಾಲ್ಕನ್‌ನದು. ಅದನ್ನು ರೇಸಿಗೆ ಸಜ್ಜುಗೊಳಿಸುವ ಹೊಣೆ ಕ್ಯಾರಲ್ ಶೆಲ್ಬಿ ಅವರ ಪಾಲಿಗೆ ಬಂತು. ಶೆಲ್ಬಿ 1959ರಲ್ಲಿ ಫ್ರಾನ್ಸಿನ ಲ ಮಾನ್ ರೇಸ್ ಗೆದ್ದು, ಹೃದಯದ ತೊಂದರೆಯಿಂದ ಮರುವರ್ಷವೇ ಸ್ಟೀರಿಂಗ್ ಬಿಟ್ಟಿದ್ದ ಟೆಕ್ಸಾಸ್‌ನ ಮನುಷ್ಯ. ರೇಸ್ ಸಂಸ್ಥೆಯ ನಿಯಮದಂತೆ ಕನಿಷ್ಠ 100 ಕಾರು ಕಟ್ಟಬೇಕಿತ್ತು, ಅವು ಎರಡೇ ಆಸನದವಾಗಿರಬೇಕಿತ್ತು. ಹಿಂದಿನ ಸೀಟು ಕಿತ್ತುಹಾಕಿದರು. ಎಂಜಿನ್ನಿನ ಶಕ್ತಿಯನ್ನು 271ರಿಂದ 306 ಅಶ್ವಶಕ್ತಿಗೆ ಏರಿಸಿದರು. ಜಿಟಿ350 ಎಂಬ ಹೆಸರಿನ ಈ ಕಾರಿನ ನಿಜವಾದ ಗುಟ್ಟು ಮಾತ್ರ ಬಾನೆಟ್ಟಿನ ಕೆಳಗಿರಲಿಲ್ಲ, ಮುಂದಿನ ಚಕ್ರಗಳ ಹಿಂದೆ ಅಡಗಿತ್ತು.

ಅದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಮಸ್ಟಾಂಗ್‌ನ ಮುಂದಿನ ಒಂದೊಂದು ಚಕ್ರವನ್ನೂ ಮೇಲೊಂದು, ಕೆಳಗೊಂದು ಕಬ್ಬಿಣದ ತೋಳು ಹಿಡಿದಿರುತ್ತವೆ. ಕಾರು ಎಡಕ್ಕೆ ತಿರುಗಿದರೆ ಅದರ ಮೈ ಬಲಕ್ಕೆ ವಾಲುತ್ತದೆ. ಕಿಕ್ಕಿರಿದ ಬಸ್ಸು ತಿರುವಿನಲ್ಲಿ ವಾಲುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೈ ವಾಲಿದಾಗ ಹೊರಬದಿಯ ಚಕ್ರವೂ ಅದರೊಡನೆ ತಲೆಯನ್ನು ಹೊರಕ್ಕೆ ಚಾಚುತ್ತದೆ. ಆಗ ಟೈರಿನ ಪೂರ್ಣ ಅಗಲ ರಸ್ತೆಗೆ ತಗಲದೆ ಹೊರ ಅಂಚೊಂದೇ ಉಜ್ಜತೊಡಗುತ್ತದೆ. ಕಾರಿನ ಭಾರವನ್ನೆಲ್ಲ ಹೊರಬೇಕಾದ ಚಕ್ರ ಅದೇ. ಹಿಡಿತ ಕಳೆದುಕೊಳ್ಳುವುದೂ ಅದೇ. ಚಾಲಕ ಸ್ಟೀರಿಂಗ್ ತಿರುಗಿಸುತ್ತಲೇ ಇರುತ್ತಾನೆ, ಕಾರು ಮಾತ್ರ ನೇರಕ್ಕೆ ರಸ್ತೆ ಬಿಟ್ಟು ಹೋಗಲು ನೋಡುತ್ತದೆ.

ಫೋರ್ಡಿನ ಎಂಜಿನಿಯರ್ ಕ್ಲಾಸ್ ಆರ್ನಿಂಗ್ ಲೆಕ್ಕ ಹಾಕಿ ಹೇಳಿದ ಪರಿಹಾರ ತೀರಾ ಸರಳ. ಮೇಲಿನ ತೋಳು ಕಾರಿನ ಮೈಗೆ ಕೂಡಿಕೊಳ್ಳುವ ಜಾಗವನ್ನು ಒಂದಂಗುಲ ಕೆಳಗಿಳಿಸುವುದು. ಹೀಗೆ ಮಾಡಿದಾಗ ತೋಳು ಒಳಬದಿಗೆ ಇಳಿಜಾರಾಗುತ್ತದೆ. ಚಕ್ರ ಮೇಲೆದ್ದಾಗ ತೋಳು ಅದರ ತಲೆಯನ್ನು ಒಳಕ್ಕೆ ಸೆಳೆಯುತ್ತದೆ. ಮೈ ವಾಲಿದರೂ ಟೈರು ರಸ್ತೆಯ ಮೇಲೆ ನೆಟ್ಟಗೆ ನಿಲ್ಲುತ್ತದೆ, ಜೊತೆಗೆ ಮೈ ವಾಲುವುದೂ ಕಡಿಮೆಯಾಗುತ್ತದೆ. ಹೊಸ ಬಿಡಿಭಾಗ ಬೇಡ. ಡ್ರಿಲ್ ಹಿಡಿದು ಒಂದೊಂದು ಬದಿಗೆ ಎರಡೆರಡು ತೂತು ಕೊರೆದರೆ ಮುಗಿಯಿತು. ಇದರೊಂದಿಗೆ ಒಂದಂಗುಲ ದಪ್ಪದ ಆ್ಯಂಟಿ ರೋಲ್ ಸರಳು, ಕೋನಿ ಕಂಪನಿಯ ಶಾಕ್ ಅಬ್ಸಾರ್ಬರ್, ಎಂಜಿನ್ ಕೋಣೆಯ ಎರಡು ಗೋಡೆಗಳನ್ನು ಬಿಗಿದು ಹಿಡಿಯುವ ಅಡ್ಡಪಟ್ಟಿ ಸೇರಿದವು. ಪರೀಕ್ಷಕ ಚಾಲಕ ಕೆನ್ ಮೈಲ್ಸ್ 1965ರ ಫೆಬ್ರುವರಿಯಲ್ಲಿ ಟೆಕ್ಸಾಸ್‌ನ ಗ್ರೀನ್ ವ್ಯಾಲಿಯಲ್ಲಿ ಈ ಕಾರಿನ ಮೊದಲ ರೇಸನ್ನೇ ಗೆದ್ದರು. ನಾಲ್ಕೂ ಚಕ್ರ ನೆಲ ಬಿಟ್ಟು ಹಾರಿದ ಅಂದಿನ ಚಿತ್ರ ಈಗಲೂ ಹವ್ಯಾಸಿಗಳ ಗೋಡೆಯ ಮೇಲಿರುತ್ತದೆ. 1965ರಿಂದ ಮೂರು ವರ್ಷ ಆ ವರ್ಗದ ರಾಷ್ಟ್ರೀಯ ಪ್ರಶಸ್ತಿ ಜಿಟಿ350ಯದೇ. ಆದರೂ 1966ರ ಮಾದರಿಯ ಅವಧಿಯಲ್ಲಿ ಖರ್ಚು ಉಳಿಸುವ ನೆಪದಲ್ಲಿ ಈ ತೂತುಗಳನ್ನೇ ಕೈಬಿಟ್ಟರು! ಲೆಕ್ಕಪತ್ರದವರ ಕೈಗೆ ಸಿಕ್ಕ ಒಳ್ಳೆಯ ಉಪಾಯದ ಗತಿ ಎಲ್ಲ ಕಡೆಯೂ ಒಂದೇ ಇರಬೇಕು.

ಹಿಂದಿನ ಚಕ್ರಗಳ ಕತೆ ಬೇರೆ. ಜಟಕಾ ಗಾಡಿಯ ಕೆಳಗೆ, ಲಾರಿಯ ಕೆಳಗೆ ಕಾಣುವ ಸ್ಪ್ರಿಂಗ್ ಪಟ್ಟಿಗಳೇ ಹಲವು ಮಸಲ್ ಕಾರುಗಳ ಹಿಂಬದಿಯಲ್ಲೂ ಇದ್ದವು. ಆ್ಯಕ್ಸಿಲರೇಟರ್ ಒಮ್ಮೆಲೇ ತುಳಿದಾಗ ಚಕ್ರವನ್ನು ಮುಂದಕ್ಕೆ ತಿರುಗಿಸುವ ಬಲವೇ ಅಚ್ಚನ್ನು ಹಿಂದಕ್ಕೆ ತಿರುಚುತ್ತದೆ. ಪಟ್ಟಿ ಹಾವಿನಂತೆ ಬಳುಕಿ, ಮತ್ತೆ ಚಿಮ್ಮಿ, ಮತ್ತೆ ಬಳುಕಿ ಚಕ್ರ ನೆಲದ ಮೇಲೆ ಕುಪ್ಪಳಿಸುತ್ತದೆ. 1967ರ ಷೆವ್ರೊಲೆ ಕಮಾರೊಗೆ ಒಂದೇ ಪಟ್ಟಿ ಇದ್ದುದರಿಂದ ಈ ಕಾಯಿಲೆ ಜೋರಾಗಿತ್ತು. ಮರುವರ್ಷ ಒಂದು ಶಾಕ್ ಅಬ್ಸಾರ್ಬರನ್ನು ಅಚ್ಚಿನ ಮುಂದೆ, ಇನ್ನೊಂದನ್ನು ಹಿಂದೆ ಕೂರಿಸಿ ಕುಪ್ಪಳಿಕೆಯನ್ನು ತಗ್ಗಿಸಿದರು. ಕ್ರೈಸ್ಲರ್ ಕಂಪನಿಯವರು ಪಟ್ಟಿಯ ಮುಂದಿನ ಭಾಗವನ್ನು ಗಿಡ್ಡ ಮತ್ತು ಬಿರುಸಾಗಿ ಮಾಡಿ ತಿರುಚುವಿಕೆಯನ್ನು ತಡೆದರು. ಇಂದಿನ ಹವ್ಯಾಸಿಗಳು ಪಟ್ಟಿಯನ್ನೇ ತೆಗೆದು ಅಚ್ಚನ್ನು ನಾಲ್ಕು ಸರಳುಗಳಿಂದ ಕಟ್ಟಿ, ಸುರುಳಿ ಸ್ಪ್ರಿಂಗ್ ಹಾಕುವುದುಂಟು. ಕೆಲಸ ದುಬಾರಿ, ಹಳೆಯ ಕಾರಿನ ತಳವನ್ನು ಕತ್ತರಿಸಿ ಬೆಸೆಯಬೇಕಾಗುತ್ತದೆ.

ಕಸುಬು ಬಲ್ಲವರು ಇಷ್ಟು ದೂರ ಹೋಗುವ ಮೊದಲು ಟೈರಿನತ್ತ ನೋಡು ಎನ್ನುತ್ತಾರೆ. ಅರುವತ್ತರ ದಶಕದ ಕಾರಿನ ಚಕ್ರಗಳ ಕೋನಗಳನ್ನು ಅಂದಿನ ಅಡ್ಡನೂಲಿನ ಟೈರುಗಳಿಗಾಗಿ ನಿಗದಿ ಮಾಡಿದ್ದರು. ರೇಡಿಯಲ್ ಟೈರಿಗೆ ಆ ಅಳತೆ ಒಗ್ಗದು. ಚಕ್ರದ ತಲೆ ತುಸು ಒಳಕ್ಕೆ ವಾಲಿರಬೇಕು, ತಿರುಗುವ ಅಕ್ಷ ಇನ್ನಷ್ಟು ಹಿಂದಕ್ಕೆ ಬಾಗಿರಬೇಕು. ಒಳ್ಳೆಯ ರೇಡಿಯಲ್ ಟೈರು, ಸರಿಯಾದ ಅಲೈನ್‌ಮೆಂಟ್, ಸವೆದ ರಬ್ಬರ್ ಬುಷ್‌ಗಳ ಬದಲಾವಣೆ, ಹೊಸ ಶಾಕ್ ಅಬ್ಸಾರ್ಬರ್, ಮುಂದೆ ಡಿಸ್ಕ್ ಬ್ರೇಕು. ಇಷ್ಟಕ್ಕೇ ಕಾರು ಗುರುತು ಸಿಗದಷ್ಟು ಬದಲಾಗುತ್ತದೆ. ಬಹುಮಂದಿ ಇದನ್ನು ಬಿಟ್ಟು ಮೊದಲಿಗೇ ಬಿರುಸು ಸ್ಪ್ರಿಂಗ್ ಹಾಕಿಸಿ ಕಾರನ್ನು ನೆಲಕ್ಕೆ ತಗ್ಗಿಸುತ್ತಾರೆ. ಹಳೆಯ ಕಾರಿನ ಮೈ ತೆಳು ತಗಡಿನದು. ಸ್ಪ್ರಿಂಗ್ ಬಗ್ಗದಿದ್ದರೆ ಮೈಯೇ ತಿರುಚಿಕೊಳ್ಳುತ್ತದೆ. ಅದಕ್ಕೆಂದೇ ಮುಂದಿನ ಮತ್ತು ಹಿಂದಿನ ಚೌಕಟ್ಟುಗಳ ನಡುವೆ ಉಕ್ಕಿನ ತೊಲೆ ಬೆಸೆದು ಗಟ್ಟಿ ಮಾಡುವ ಪದ್ಧತಿ ಬಂದಿದೆ. ಅಲುಗಾಡುವ ಅಡಿಪಾಯದ ಮೇಲೆ ಬಾಗಿಲು ಸರಿಯಾಗಿ ಕೂರಿಸುವುದು ಹೇಗೆ?

ಇನ್ನು ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಗೆಲ್ಲಲು ಬೇಕಾದ ಶಕ್ತಿ ಎಂಟು ಪಟ್ಟು. ತಡೆಗಿಂತ ಅಪಾಯದ ಸಂಗತಿ ಇನ್ನೊಂದಿದೆ. ಮೇಲೆ ಉಬ್ಬಿ ಕೆಳಗೆ ಚಪ್ಪಟೆಯಾದ ಕಾರಿನ ಬೆನ್ನ ಮೇಲೆ ಹರಿಯುವ ಗಾಳಿಯ ಒತ್ತಡ ಇಳಿಯುತ್ತದೆ. ಮೂತಿಯ ಕೆಳಗೆ ನುಗ್ಗಿದ ಗಾಳಿ ತಳದಲ್ಲಿ ಸಿಕ್ಕಿಕೊಂಡು ಮೇಲಕ್ಕೆ ದೂಡುತ್ತದೆ. ವಿಮಾನಕ್ಕೆ ಬೇಕಾದದ್ದು ಇದೇ. ಕಾರಿಗೆ ಇದು ಕೇಡು. ವೇಗ ಹೆಚ್ಚಿದಷ್ಟೂ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ಸಡಿಲವಾದಂತೆ ಅನಿಸುತ್ತದೆ.

1968ರ ಡಾಜ್ ಚಾರ್ಜರ್ ನೋಡಲು ಬಲು ಚೆಲುವಾದ ಕಾರು. ಗಾಳಿಯ ಕಣ್ಣಿಗೆ ಮಾತ್ರ ಅದು ಗುಂಡಿ ಬಿದ್ದ ರಸ್ತೆ. ಗ್ರಿಲ್ ಒಳಕ್ಕೆ ಹೂತಿದ್ದರಿಂದ ಮೂತಿ ಬುಟ್ಟಿಯಂತೆ ಗಾಳಿ ಹಿಡಿಯುತ್ತಿತ್ತು. ಹಿಂದಿನ ಗಾಜು ಎರಡು ಕಂಬಗಳ ನಡುವಿನ ಕಣಿವೆಯಲ್ಲಿದ್ದುದರಿಂದ ಅಲ್ಲಿ ಗಾಳಿ ಸುಳಿಯೆದ್ದು ಕಾರಿನ ಹಿಂಭಾಗವನ್ನು ಎತ್ತುತ್ತಿತ್ತು. ಮೊದಲು ಗ್ರಿಲ್ಲನ್ನು ಮುಂದೆ ತಂದು ಹಿಂದಿನ ಗಾಜನ್ನು ಸಮತಟ್ಟು ಮಾಡಿ ‘ಚಾರ್ಜರ್ 500’ ಎಂದು ಹೊರತಂದರು. ಫೋರ್ಡ್ ಅದಕ್ಕೆ ಉತ್ತರವಾಗಿ ಮೂತಿ ಚಾಚಿದ ಟೊರಿನೊ ಟ್ಯಾಲಡೇಗಾ ಕಟ್ಟಿತು. 1969ರ ಡೇಟೋನಾ 500 ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ಫೋರ್ಡಿನ ಲೀರಾಯ್ ಯಾರ್‌ಬ್ರೊ ಡಾಜ್ ಕಾರನ್ನು ಹಿಂದಿಕ್ಕಿದರು.

ಆ ಸೋಲಿನ ವರ್ಷದಲ್ಲೇ ಬಂದದ್ದು ರೆಕ್ಕೆಯ ಕಾರು. ಮುಂದೆ 18 ಅಂಗುಲದ ಉಕ್ಕಿನ ಚೂಪು ಮೂತಿ, ಹಿಂದೆ 23 ಅಂಗುಲ ಎತ್ತರದ ರೆಕ್ಕೆ. ವಿಮಾನದ ರೆಕ್ಕೆಯನ್ನು ತಲೆಕೆಳಗು ಮಾಡಿದಂತೆ ಇದು ಕಾರನ್ನು ನೆಲಕ್ಕೆ ಒತ್ತುತ್ತಿತ್ತು. ಅಷ್ಟೊಂದು ಎತ್ತರ ಏಕೆ? ಡಿಕ್ಕಿಯ ಬಾಗಿಲು ತೆರೆಯಲು ಜಾಗ ಬೇಕಿತ್ತು ಎನ್ನುವವರಿದ್ದಾರೆ. ಚಾವಣಿಯ ಹಿಂದಿನ ಸುಳಿಗಳ ಮೇಲಿರುವ ತಿಳಿಗಾಳಿ ರೆಕ್ಕೆಗೆ ಸಿಗಲಿ ಎಂದು ಎನ್ನುವವರೂ ಇದ್ದಾರೆ. ಎರಡೂ ಸುಳ್ಳಿರಲಾರದು. ನಿಯಮದಂತೆ 500ಕ್ಕೆ ಮೂರು ಹೆಚ್ಚಾಗಿ, 503 ಕಾರು ತಯಾರಾದವು. 1970ರ ಮಾರ್ಚ್ 24ರಂದು ಟ್ಯಾಲಡೇಗಾದಲ್ಲೇ ಬಡ್ಡಿ ಬೇಕರ್ ಗಂಟೆಗೆ 200.447 ಮೈಲಿ, ಅಂದರೆ ಸುಮಾರು 322 ಕಿ.ಮೀ. ವೇಗ ಮುಟ್ಟಿದರು. ಸುತ್ತುಪಥದಲ್ಲಿ ಈ ಮಾದರಿಯ ಕಾರೊಂದು 200 ಮೈಲಿ ದಾಟಿದ್ದು ಅದೇ ಮೊದಲು. ಅದೇ ವರ್ಷ ಪ್ಲಿಮತ್ ಸೂಪರ್‌ಬರ್ಡ್ ಎಂಬ ತಮ್ಮನೂ ಹುಟ್ಟಿದ. ಫೋರ್ಡಿಗೆ ಹೋಗಿದ್ದ ಪೆಟ್ಟಿಯನ್ನು ಮರಳಿ ಕರೆತಂದದ್ದು ಆ ಕಾರು. 1971ರಲ್ಲಿ ನ್ಯಾಸ್‌ಕಾರ್ ಸಂಸ್ಥೆ ರೆಕ್ಕೆಯ ಕಾರುಗಳ ಎಂಜಿನ್ನನ್ನು ಏಳು ಲೀಟರ್‌ನಿಂದ ಐದು ಲೀಟರಿಗೆ ಇಳಿಸಿತು. ಅಲ್ಲಿಗೆ ಅವುಗಳ ಆಟ ಮುಗಿಯಿತು. ಅಂಗಡಿಗಳಲ್ಲಿ ಕೊಳ್ಳುವವರಿಲ್ಲದೆ ಉಳಿದ ಕೆಲವು ಸೂಪರ್‌ಬರ್ಡ್‌ಗಳ ಮೂತಿ, ರೆಕ್ಕೆ ಕಿತ್ತು ಸಾಧಾರಣ ಕಾರಿನಂತೆ ಮಾರಿದರಂತೆ. ಇತ್ತೀಚಿನ ಹರಾಜುಗಳಲ್ಲಿ ರೆಕ್ಕೆಯ ಕಾರಿನ ಬೆಲೆ ಹತ್ತು ಲಕ್ಷ ಡಾಲರ್ ದಾಟಿದ್ದೂ ಉಂಟು.

ಇಂದು ಹಳೆಯ ಕಾರು ಇಟ್ಟುಕೊಂಡವರಿಗೆ ಇಂಥ ಮೂತಿ ಬೇಕಿಲ್ಲ. ಮುಂದಿನ ಬಂಪರ್ ಕೆಳಗೆ ಒಂದು ತಡೆಪಟ್ಟಿ ಹಾಕಿದರೆ ತಳಕ್ಕೆ ನುಗ್ಗುವ ಗಾಳಿ ತಗ್ಗುತ್ತದೆ, ರೇಡಿಯೇಟರ್ ಮೂಲಕ ಗಾಳಿ ಹಾಯುವುದಕ್ಕೂ ಅದು ನೆರವಾಗುತ್ತದೆ. ಡಿಕ್ಕಿಯ ತುದಿಗೆ ಚಿಕ್ಕದೊಂದು ತುಟಿ ಸಾಕು. 1969ರ ಬಾಸ್ 302 ಮಸ್ಟಾಂಗ್‌ಗೆ ವಿನ್ಯಾಸಕಾರ ಲ್ಯಾರಿ ಶಿನೋಡಾ ಮುಂದೆ ತಡೆಪಟ್ಟಿ, ಹಿಂದೆ ರೆಕ್ಕೆ ಎರಡನ್ನೂ ಜೋಡಿಸಿದ್ದರು. ಜೋಡಿಯಾಗಿದ್ದರೇ ಅವಕ್ಕೆ ಅರ್ಥ. ಚೆಂದಕ್ಕೆಂದು ಹಿಂದಿನ ರೆಕ್ಕೆಯೊಂದನ್ನೇ ಹಾಕಿಸಿದರೆ ಅದು ಹಿಂದಿನ ಅಚ್ಚಿನ ಆಚೆ ಕುಳಿತು ಏತದಂತೆ ಕೆಲಸ ಮಾಡುತ್ತದೆ. ಹಿಂಭಾಗ ಒತ್ತಿದಷ್ಟೂ ಮೊದಲೇ ಹಗುರಾಗಿದ್ದ ಮೂತಿ ಮತ್ತಷ್ಟು ಏಳುತ್ತದೆ. ಗಂಟೆಗೆ 60-70 ಕಿ.ಮೀ. ವೇಗದ ಊರೊಳಗಿನ ಓಡಾಟದಲ್ಲಿ ಇದಾವುದರ ಪ್ರಯೋಜನವೂ ಇಲ್ಲ, ಅಪಾಯವೂ ಇಲ್ಲ. ಹೆದ್ದಾರಿಗೆ ಬಂದಾಗಲೇ ಲೆಕ್ಕ ಶುರು.

ಮೂಲ ಸ್ಥಿತಿಯಲ್ಲೇ ಉಳಿಸಬೇಕೆನ್ನುವವರಿಗೂ ಓಡಿಸುವಂತಿರಬೇಕು ಎನ್ನುವವರಿಗೂ ಜಗಳ ಮುಗಿಯುವುದಿಲ್ಲ. ಎಂಜಿನ್ ಸಂಖ್ಯೆಯಿಂದ ಹಿಡಿದು ಬೋಲ್ಟಿನ ತಲೆಯವರೆಗೆ ಕಾರ್ಖಾನೆಯಿಂದ ಬಂದಂತೆಯೇ ಇರುವ ಕಾರಿಗೆ ಬೆಲೆ ಹೆಚ್ಚು, ಒಂದು ಹೊಸ ಬೆಸುಗೆ ಬಿದ್ದರೂ ಕಡಿಮೆ. ಆದರೆ ಆ ಮೂಲ ಬ್ರೇಕು, ಮೂಲ ಟೈರಿನಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಇಂದಿನ ಹೆದ್ದಾರಿಗೆ ಇಳಿಯುವುದು ಧೈರ್ಯದ ಮಾತಲ್ಲ, ಉಡಾಫೆ. ಹಲವರು ನಡುದಾರಿ ಹಿಡಿದಿದ್ದಾರೆ. ಬೋಲ್ಟಿನಿಂದ ಕೂರುವಂಥ ಭಾಗಗಳನ್ನಷ್ಟೇ ಬದಲಿಸಿ, ಬಿಚ್ಚಿದ ಹಳೆಯದಕ್ಕೆ ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿಡುತ್ತಾರೆ. ಆರ್ನಿಂಗ್‌ರ ಒಂದಂಗುಲಕ್ಕೆ ಆ ಪೆಟ್ಟಿಗೆಯೂ ಬೇಡ. ಹೊಸ ತೂತುಗಳ ಮೇಲೆಯೇ ಕಾರ್ಖಾನೆಯ ಹಳೆಯ ತೂತುಗಳು ಹಾಗೆಯೇ ಇರುತ್ತವೆ. ಮುಂದೆ ಯಾರಿಗಾದರೂ ಮೂಲದಂತೆಯೇ ಬೇಕೆನಿಸಿದರೆ ತೋಳನ್ನು ಬಿಚ್ಚಿ ಒಂದಂಗುಲ ಮೇಲೆ ಕೂರಿಸಬಹುದು.