ರೇಷ್ಮೆ ಬೇಯಿಸೋದು, ಪ್ಲಾಸ್ಮಿಡ್ ತೆಗೆಯೋದು

ಬಯೋಟೆಕ್ನಾಲಜಿ ಓದ್ತಿದ್ದೀವಿ ಅಂದ್ರೆ ನಮ್ಮೂರ ಕಡೆ ಎರಡೇ ಪ್ರಶ್ನೆ. ಕೆಲಸ ಸಿಗುತ್ತಾ? ಅಲ್ಲಿ ಏನು ಮಾಡ್ತೀರಿ? ಮೊದಲನೆಯದಕ್ಕೆ ನಮ್ಮ ಹತ್ತಿರ ಇನ್ನೂ ಉತ್ತರ ಇಲ್ಲ. ಎರಡನೆಯದಕ್ಕೆ ಈ ಲೇಖನ. ನಮ್ಮಿಬ್ಬರಲ್ಲಿ ಒಬ್ಬರ ಊರು ಚಳ್ಳಕೆರೆ, ಇನ್ನೊಬ್ಬರದು ಮೊಳಕಾಲ್ಮುರು. ಇಬ್ಬರೂ ಇಂಗ್ಲಿಷ್ ಮೀಡಿಯಂ. ಹಾಗಾಗಿ ಲ್ಯಾಬಿನಲ್ಲಿ ಮಾಡಿದ್ದನ್ನು ಮನೆಯಲ್ಲಿ ಕನ್ನಡದಲ್ಲಿ ಹೇಳೋದು ಪ್ರಯೋಗಕ್ಕಿಂತ ಕಷ್ಟ.

ಪ್ಲಾಸ್ಮಿಡ್ ಅಂದ್ರೆ ಬ್ಯಾಕ್ಟೀರಿಯಾದ ಒಳಗೆ, ಅದರ ಮುಖ್ಯ ಕ್ರೋಮೋಸೋಮಿನಿಂದ ಬೇರೆಯಾಗಿ ಇರುವ ಪುಟ್ಟ ಡಿಎನ್‌ಎ ಬಳೆ. ನಾವು ಬಳಸಿದ್ದು ಪಿಯುಸಿ19. ನಗಬೇಡಿ, ಇದು ನಾವು ಎರಡು ವರ್ಷ ಒದ್ದಾಡಿದ ಪಿಯುಸಿ ಅಲ್ಲ, ಪ್ಲಾಸ್ಮಿಡ್ ಮತ್ತು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಸೇರಿ ಆದ ಹೆಸರು. ಅದರಲ್ಲಿ 2686 ಬೇಸ್ ಜೋಡಿಗಳಿವೆ. ಅದನ್ನು ಹೊತ್ತಿರುವ ಇ. ಕೋಲಿಯ ಸ್ವಂತ ಕ್ರೋಮೋಸೋಮಿನಲ್ಲಿ ಸುಮಾರು 46 ಲಕ್ಷ. ಎರಡೂ ಒಂದೇ ರಾಸಾಯನಿಕ. ಹಾಗಿದ್ದರೆ ಒಂದನ್ನು ಬಿಟ್ಟು ಇನ್ನೊಂದನ್ನು ಎತ್ತಿಕೊಳ್ಳೋದು ಹೇಗೆ? ಇಡೀ ಪ್ರಯೋಗ ಇರೋದೇ ಇಲ್ಲಿ.

ಇದೆಲ್ಲ ಯಾಕೆ ಬೇಕು ಅಂದ್ರೆ, ಚಳ್ಳಕೆರೆ ಕಡೆಯವರಿಗೆ ಶೇಂಗಾ ಉದಾಹರಣೆ ಕೊಟ್ಟರೆ ಸಾಕು. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ವಿಜ್ಞಾನಿಗಳು ಅಗ್ರೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದ ಮೂಲಕ ಶೇಂಗಾಕ್ಕೆ ಹೊಸ ಜೀನ್ ಸೇರಿಸುವ ವಿಧಾನವನ್ನು 2000ದಲ್ಲಿ ಪ್ರಕಟಿಸಿದರು. ಅವರು ಸೇರಿಸಿದ್ದರಲ್ಲಿ ಗಿಡವನ್ನು ಗಿಡ್ಡ ಮಾಡುವ ಕ್ಲಂಪ್ ವೈರಸ್ಸಿನದೇ ಒಂದು ಜೀನ್ ಕೂಡ ಇತ್ತು. ಆ ಜೀನನ್ನು ಹೊತ್ತೊಯ್ಯುವ ಗಾಡಿ ಪ್ಲಾಸ್ಮಿಡ್. ಅಂಥ ಶೇಂಗಾ ನಮ್ಮ ಹೊಲಗಳಿಗೆ ಬಂದಿಲ್ಲ. 2002ರಲ್ಲಿ ಬೇಸಾಯಕ್ಕೆ ಒಪ್ಪಿಗೆ ಸಿಕ್ಕಿದ್ದು ಬಿಟಿ ಹತ್ತಿಗೆ. ಬರಬೇಕೋ ಬೇಡವೋ ಅನ್ನೋ ಜಗಳ ಬೇರೆ. ಆದರೆ ಜಗಳ ಆಡೋಕಾದ್ರೂ ಒಳಗೆ ಏನು ನಡೆಯುತ್ತೆ ಅಂತ ಗೊತ್ತಿರಬೇಕಲ್ಲ.

ಈಗ ಲ್ಯಾಬಿಗೆ ಬರೋಣ. ಆಂಪಿಸಿಲಿನ್ ಹಾಕಿದ ಎಲ್‌ಬಿ ಸಾರಿನಲ್ಲಿ ಬ್ಯಾಕ್ಟೀರಿಯಾವನ್ನು ರಾತ್ರಿಯಿಡೀ 37 ಡಿಗ್ರಿಯಲ್ಲಿ ಅಲುಗಾಡಿಸುತ್ತಾ ಬೆಳೆಸ್ತೀವಿ. ಪ್ಲಾಸ್ಮಿಡ್ ಇದ್ದರೆ ಮಾತ್ರ ಆಂಪಿಸಿಲಿನ್ ತಡೆದುಕೊಂಡು ಬದುಕುತ್ತೆ. ಬೆಳಗ್ಗೆ 1.5 ಮಿಲಿ ಲೀಟರ್ ತೆಗೆದು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ತಳದಲ್ಲಿ ಗಸಿ ಕೂರುತ್ತೆ. ಅದನ್ನು ಮೊದಲನೇ ದ್ರಾವಣದಲ್ಲಿ ಚೆನ್ನಾಗಿ ಕದಡಬೇಕು. ಇದರಲ್ಲಿರುವ ಇಡಿಟಿಎ ಮೆಗ್ನೀಸಿಯಂ ಕಸಿದುಕೊಳ್ಳುತ್ತೆ. ಮೆಗ್ನೀಸಿಯಂ ಇಲ್ಲದೆ ಡಿಎನ್‌ಎ ತಿನ್ನುವ ಕಿಣ್ವಗಳು ಕೆಲಸ ಮಾಡಲ್ಲ.

ಎರಡನೇ ದ್ರಾವಣ ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಎಸ್‌ಡಿಎಸ್, ಅಂದ್ರೆ ಕ್ಷಾರ ಮತ್ತು ಸೋಪು. ಮೊಳಕಾಲ್ಮುರಿನವರಿಗೆ ಈ ಜೋಡಿ ಹೊಸದಲ್ಲ. ಕಚ್ಚಾ ರೇಷ್ಮೆಗೆ ಬಣ್ಣ ಹಾಕುವ ಮುಂಚೆ ಸೋಪು, ಸೋಡಾ ಹಾಕಿದ ಬಿಸಿನೀರಲ್ಲಿ ಬೇಯಿಸ್ತಾರೆ. ಎಳೆಯ ಮೇಲಿನ ಸೆರಿಸಿನ್ ಎಂಬ ಅಂಟು ಕರಗಿ ಹೋಗುತ್ತೆ. ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಹೋಗಿ, ಹೊಳೆಯುವ ಎಳೆ ಉಳಿಯುತ್ತೆ. ಹೊತ್ತು ಮೀರಿದರೆ ಎಳೆಯೇ ಕೆಡುತ್ತೆ. ನಮ್ಮ ಟ್ಯೂಬಿನಲ್ಲೂ ಹಾಗೇ. ಸೋಪು ಜೀವಕೋಶದ ಪೊರೆಯನ್ನು ಕರಗಿಸುತ್ತೆ, ಕ್ಷಾರ ಡಿಎನ್‌ಎಯ ಎರಡು ಎಳೆಗಳನ್ನು ಬಿಡಿಸುತ್ತೆ. 5 ನಿಮಿಷಕ್ಕಿಂತ ಹೆಚ್ಚು ಬಿಡಬಾರದು. ವೋರ್ಟೆಕ್ಸ್ ಅಂತೂ ಬೇಡವೇ ಬೇಡ, ಟ್ಯೂಬನ್ನು ಮೆಲ್ಲಗೆ ನಾಲ್ಕಾರು ಸಲ ತಲೆಕೆಳಗು ಮಾಡಿದರೆ ಸಾಕು.

ಯಾಕೆ ಅಂತ ವೈವಾದಲ್ಲಿ ಕೇಳೇ ಕೇಳ್ತಾರೆ. ಪ್ಲಾಸ್ಮಿಡ್ ದುಂಡಗೆ, ಕ್ರೋಮೋಸೋಮ್ ಉದ್ದಕ್ಕೆ ಅಂತ ಬರೆಯೋರಿದ್ದಾರೆ. ಅದು ಸರಿಯಲ್ಲ, ಇ. ಕೋಲಿಯ ಕ್ರೋಮೋಸೋಮೂ ದುಂಡಗೇ ಇದೆ. ಅದು ತುಂಬಾ ದೊಡ್ಡದು, ನಮ್ಮ ಕೈಯಲ್ಲಿ ತುಂಡಾಗುತ್ತೆ, ಅಷ್ಟೇ. ತುಂಡಾದ ಮೇಲೆ ಅದರ ಎಳೆಗಳು ಪೂರ್ತಿ ಬೇರೆಯಾಗಬಹುದು. ಪ್ಲಾಸ್ಮಿಡ್‌ನ ಎಳೆಗಳು ಹಾಗಲ್ಲ. ಸೂಪರ್‌ಕಾಯಿಲ್ಡ್ ಅನ್ನೋದಕ್ಕೆ ಕನ್ನಡ ಪದ ಹುಡುಕುತ್ತಿದ್ದ ನಮಗೆ ಮಗ್ಗದವರ ‘ಹುರಿ’ ಸಿಕ್ಕಿತು. ಎರಡು ಎಳೆ ಹುರಿ ಮಾಡಿ, ತುದಿಗಳನ್ನು ಸೇರಿಸಿ ಬಳೆ ಮಾಡಿ ನೋಡಿ. ಎಳೆಗಳನ್ನು ಸಡಿಲಿಸಬಹುದು, ಕತ್ತರಿಸದೆ ಬೇರೆ ಮಾಡೋಕಾಗಲ್ಲ.

ಆಮೇಲೆ ಮೂರನೇ ದ್ರಾವಣ, ತಣ್ಣಗಿನ ಆಮ್ಲೀಯ ಪೊಟ್ಯಾಸಿಯಂ ಅಸಿಟೇಟ್. ಕ್ಷಾರ ತಟಸ್ಥವಾದ ಕೂಡಲೇ ಪ್ಲಾಸ್ಮಿಡ್ ಎಳೆಗಳು ಪಕ್ಕದಲ್ಲೇ ಇರುವ ತಮ್ಮ ಜೋಡಿಯನ್ನು ಹಿಡಿದುಕೊಳ್ಳುತ್ತವೆ. ಕ್ರೋಮೋಸೋಮಿನ ಉದ್ದ ಎಳೆಗಳಿಗೆ ಜೋಡಿ ಸಿಗದೆ ಸಿಕ್ಕುಸಿಕ್ಕಾಗುತ್ತವೆ. ಅಷ್ಟರಲ್ಲಿ ಸೋಪು ಪೊಟ್ಯಾಸಿಯಂ ಜೊತೆ ಸೇರಿ ಒಡೆದ ಹಾಲಿನ ಹಾಗೆ ಬಿಳಿ ಗಟ್ಟಿ ಆಗುತ್ತೆ, ಪ್ರೋಟೀನನ್ನೂ ಆ ಸಿಕ್ಕನ್ನೂ ಎಳೆದುಕೊಂಡು ತಳ ಸೇರುತ್ತೆ. ಮೇಲಿನ ತಿಳಿಯಲ್ಲಿ ಪ್ಲಾಸ್ಮಿಡ್! ಬಿರ್ನ್‌ಬಾಯ್ಮ್ ಮತ್ತು ಡಾಲಿ 1979ರಲ್ಲಿ ಪ್ರಕಟಿಸಿದ ಉಪಾಯ ಇದು. ಇವತ್ತಿನ ದುಬಾರಿ ಕಿಟ್‌ಗಳ ಮೂರು ಬಾಟಲಿಗಳಲ್ಲಿ ಇರೋದೂ ಬಹುಮಟ್ಟಿಗೆ ಇದೇ. ಎರಡನೇ ದ್ರಾವಣದಲ್ಲಿ ಜೋರಾಗಿ ಕುಲುಕಿದರೆ ಕ್ರೋಮೋಸೋಮ್ ಸಣ್ಣ ಸಣ್ಣ ಚೂರಾಗಿ, ಅವೂ ತಿಳಿಗೆ ಬಂದುಬಿಡುತ್ತವೆ.

ತಿಳಿಗೆ ಐಸೊಪ್ರೊಪನಾಲ್ ಹಾಕಿ ತಿರುಗಿಸಿ, 70 ಪರ್ಸೆಂಟ್ ಎಥನಾಲ್‌ನಲ್ಲಿ ತೊಳೆದು, ಒಣಗಿಸಿ, ಟಿಇ ಬಫರ್‌ನಲ್ಲಿ ಕರಗಿಸೋದು ಮಾಮೂಲಿ ಕೆಲಸ. ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 260 ಮತ್ತು 280 ನ್ಯಾನೋಮೀಟರ್ ಅನುಪಾತ 1.8ರ ಆಸುಪಾಸು ಬಂದರೆ ಪ್ರೋಟೀನ್ ಹೆಚ್ಚು ಉಳಿದಿಲ್ಲ ಅಂತ ಅರ್ಥ. ಆದರೆ ನಂಬಬೇಕಾದ್ದು ಜೆಲ್ಲನ್ನು. ಬಿಗಿ ಹುರಿಯ ಪ್ಲಾಸ್ಮಿಡ್ ಜೆಲ್‌ನಲ್ಲಿ ಬೇಗ ಓಡುತ್ತೆ, ಒಂದು ಎಳೆ ಕಡಿದು ಸಡಿಲವಾದದ್ದು ಹಿಂದೆ ಉಳಿಯುತ್ತೆ. ಹಾಗಾಗಿ ಒಂದೇ ಪ್ಲಾಸ್ಮಿಡ್‌ಗೆ ಎರಡು ಗೆರೆ ಕಂಡರೆ ಗಾಬರಿ ಬೇಡ. ತೀರಾ ಕೆಳಗೆ ಮಸುಕಾಗಿ ಹರಡಿದ್ದು ಕಂಡರೆ ಅದು ಆರ್‌ಎನ್‌ಎ. ಆರ್‌ಎನ್‌ಏಸ್ ಹಾಕಿ 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ಇನ್ನೊಮ್ಮೆ ಓಡಿಸಿ ನೋಡಿ.